ಸಾಹೇಬರಿಗೆ ತಕ್ಕ ಜಾಗ

ನೌಕರರ ಕ್ರೀಡಾಕೂಟದ ಫುಟ್‌ಬಾಲ್ ಫೈನಲ್. ಮೆಟ್ಟಿಲು ಹತ್ತಿದರೇ ಏದುಸಿರು ಬಿಡುವ ತಹಸೀಲ್ದಾರ್ ಸಾಹೇಬರು ಚಡ್ಡಿ ಹಾಕಿಕೊಂಡು ಬಂದು, "ಇವತ್ತು ನಾನೇ ಫಾರ್ವರ್ಡ್!" ಎಂದರು.

ತಂಡ ಕಟ್ಟಿದ್ದ ಜವಾನ ದೇವೀರಪ್ಪ ಓಡಿಬಂದು ಕೈ ಮುಗಿದ. "ಓಡೋದು ನಮ್ಮಂಥೋರ ಕೆಲಸ ಬಿಡಿ ಸಾಹೇಬ್ರೆ. ತಡೆಯೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಇಲ್ಲೀವರೆಗೆ ಯಾರದಾದ್ರೂ ರಜೆ ಅರ್ಜಿ ನಿಮ್ಮನ್ನ ದಾಟಿ ಹೋಗಿದೆಯಾ? ಗೋಲಿಗೆ ನೀವೇ ನಿಲ್ಲಬೇಕು."

ಸಾಹೇಬರು ಉಬ್ಬಿಹೋದರು. ಚೆಂಡು ಬಂದಾಗಲೆಲ್ಲ ಎರಡೂ ಕೈ ಅಡ್ಡ ಹಿಡಿದು, "ಆಗಲ್ಲ, ನಾಳೆ ಬಾ!" ಎಂದು ಗದರಿದರು. ಒಂದೂ ಒಳಗೆ ಹೋಗಲಿಲ್ಲ. ಅತ್ತ ಓಡಬಲ್ಲವರು ಓಡಿ ಒಂದು ಗೋಲು ಹೊಡೆದರು. ಕಪ್ ಬಂತು.

"ಭೇಷ್ ದೇವೀರಪ್ಪ! ಏನು ಬೇಕು ಕೇಳು!"

"ನಾಳೆ ಒಂದು ದಿನ ರಜೆ, ಸಾಹೇಬ್ರೆ."

ಸಾಹೇಬರ ಎರಡೂ ಕೈ ತಾವಾಗಿಯೇ ಮೇಲೆದ್ದವು.

"ಆಗಲ್ಲ, ನಾಳೆ ಬಾ!"