ಮಡುವಿಗೆ ಜಾರಿದ ಪಾದರಸ

ಹೊಳೆದಂಡೆಯ ಮಠದಲ್ಲಿ ಗುರುಗಳು ಪಾದರಸದಿಂದ ಔಷಧಿ ಮಾಡುತ್ತಿದ್ದರು. ಅರೆದ ರಸವನ್ನು ಕಲ್ಲುತೊಟ್ಟಿಯಲ್ಲೇ ತೊಳೆಯಬೇಕು, ತೊಳೆದ ನೀರು ಹೊಳೆ ಸೇರಕೂಡದು ಎಂಬುದು ಅಲ್ಲಿನ ಕಟ್ಟಪ್ಪಣೆ.

ಶಿಷ್ಯ ಸೋಮಲಿಂಗ ಬಲು ಮಡಿವಂತ. ಹೊಳೆಯ ಮಡುವಿನಲ್ಲಿ ಯಾರಾದರೂ ಬಟ್ಟೆ ಒಗೆಯಲು ಕೂತರೆ ಗದರಿಸಿ ಎಬ್ಬಿಸುತ್ತಿದ್ದ. ಆದರೆ ತೊಟ್ಟಿಗೆ ನೀರು ಹೊರುವುದೆಂದರೆ ಅವನಿಗೆ ಮೈಗಳ್ಳತನ. ಒಂದು ದಿನ ರಸದ ಬೋಗುಣಿಯನ್ನೇ ಮಡುವಿಗೆ ಒಯ್ದ. ಬೋಗುಣಿ ವಾಲಿತು, ರಸವೆಲ್ಲ ತಳ ಸೇರಿತು.

"ರಸ ಎಲ್ಲಪ್ಪ?" ಎಂದರು ಗುರುಗಳು.

"ಬೆಂಕಿಗಿಟ್ಟಾಗ ಆವಿಯಾಗಿ ಹಾರಿಹೋಯಿತು, ಬುದ್ಧಿ."

ಗುರುಗಳು ಮತ್ತೆ ಕೇಳಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡ ಸೋಮಲಿಂಗ.

ವರುಷ ಕಳೆಯಿತು. ಅಂಬಿಗರ ತಾಯವ್ವ ತುಂಬು ಬಸುರಿ. ಮೀನಿನ ಬುಟ್ಟಿಯನ್ನು ಮಠದ ಅಂಗಳದಾಚೆಗೇ ಇಟ್ಟು ಬಂದು ಗುರುಗಳಿಗೆ ಕೈಮುಗಿದಳು.

"ಬಾಯಿಗೆ ಬೇರೇನೂ ಸೇರಾಕಿಲ್ಲ ಬುದ್ಧಿ. ದಿನಾ ಮಡುವಿನ ಮೀನಿನ ಸಾರೇ. ಈ ಸ್ವಾಮೇರು ನೀರು ಕೆಡಿಸಾಕೆ ಯಾರನ್ನೂ ಬಿಡಾಕಿಲ್ಲ, ಪುಣ್ಯಾತ್ಮರು."

ಅವಳು ಅತ್ತ ಹೋದಮೇಲೂ ಆ ಹೊಗಳಿಕೆ ಸೋಮಲಿಂಗನನ್ನು ಚುಚ್ಚುತ್ತಿತ್ತು.

"ಬುದ್ಧಿ, ತಳಕ್ಕೆ ಬಿದ್ದ ಪಾದರಸ ಯಾರಿಗೇನು ಮಾಡುತ್ತೆ? ಕೆಸರಲ್ಲಿ ತಣ್ಣಗೆ ಮಲಗಿರುತ್ತಲ್ಲ?"

"ಕೆಸರಿಗೆ ಜೀವ ಇಲ್ಲ ಅಂದುಕೊಂಡೆಯಾ? ಗಾಳಿ ಸುಳಿಯದ ಆ ಜಾಗದಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ರಸ ಅವುಗಳ ಒಳಹೊಕ್ಕರೆ ಬೇರೆಯೇ ವಿಷವಾಗಿ ಹೊರಗೆ ಬರುತ್ತೆ. ಹುಳ ಅದನ್ನು ತಿನ್ನುತ್ತೆ, ಹುಳವನ್ನು ಮರಿಮೀನು, ಮರಿಯನ್ನು ದೊಡ್ಡ ಮೀನು. ಬಾಯಿಂದ ಬಾಯಿಗೆ ವಿಷ ಹೆಚ್ಚುತ್ತಾ ಹೋಗುತ್ತೆ. ತಾಯಿ ತಿಂದರೆ ಹೊಟ್ಟೆಯ ಕೂಸಿನ ಮಿದುಳಿಗೆ ಹತ್ತುತ್ತೆ."

ಸೋಮಲಿಂಗ ತಪ್ಪಿಸಿಕೊಳ್ಳಲು ದಾರಿ ಹುಡುಕಿದ.

"ಹಾಗಾದರೆ ವಿಷ ಮಾಡಿದ್ದು ಆ ಜೀವಗಳು ತಾನೆ?"

"ಅವು ತಮ್ಮ ಪಾಡಿಗೆ ಬದುಕಿದ್ದವು."

ಅವನಿಗೆ ತಲೆ ಎತ್ತಲಾಗಲಿಲ್ಲ. ಭೂಮಿ ಬಾಯಿಬಿಡಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು.

"ರಸ ಹಾರಿಹೋಗಲಿಲ್ಲ ಬುದ್ಧಿ. ಮಡುವಿಗೆ ಚೆಲ್ಲಿದವನು ನಾನೇ. ಸುಳ್ಳು ಹೇಳಿದೆ."

"ನನಗೇನು ಹೇಳ್ತೀಯ? ನಾನು ಮೀನು ತಿನ್ನೋನಲ್ಲ. ಅವಳಿಗೆ ಹೇಳು."

"ಪುಣ್ಯಾತ್ಮ ಅಂತ ಹೇಳಿ ಹೋದಳು. ಯಾವ ಮುಖ ಹೊತ್ತು ಹೋಗಲಿ? ಮೊದಲು ಉಪವಾಸ ಕೂತು, ಪ್ರಾಯಶ್ಚಿತ್ತ ಮಾಡಿಕೊಂಡು, ಆಮೇಲೆ..."

ಗುರುಗಳು ಎದ್ದರು. ಅವನ ರಟ್ಟೆ ಹಿಡಿದು ಬಾಗಿಲಾಚೆ ನಿಲ್ಲಿಸಿದರು. ದಂಡೆಯ ಮೇಲಿನ ತಾಯವ್ವನ ಗುಡಿಸಲಿನಿಂದ ಒಲೆಯ ಹೊಗೆ ಏಳುತ್ತಿತ್ತು.

"ನಿನ್ನ ಪಾಪದ ಮಾತು ಆಮೇಲೆ. ಸಾರು ಕುದೀತಿದೆ, ಓಡು."