ಮಠದ ದೊಡ್ಡಿಯ ಮಣ್ಣು ಮತ್ತು ಸಗರಪ್ಪನ ನಾಲಿಗೆ

ಬೇವಿನಗುಡ್ಡದ ಮಠಕ್ಕೆ ಹೊಸದಾಗಿ ಬಂದವರು ಪರಮಪೂಜ್ಯ ಶ್ರೀ ಮೃಡಲಿಂಗ ಶಿವಯೋಗಿಗಳನ್ನು ಗದ್ದುಗೆಯ ಮೇಲೆ ಹುಡುಕಿ ಪೇಚಿಗೆ ಬೀಳುತ್ತಿದ್ದರು. ಪೂಜೆ ಮುಗಿಯಿತೆಂದರೆ ಪೂಜ್ಯರು ಇರುತ್ತಿದ್ದುದು ಮಠದ ಹಿಂದಿನ ದನದ ದೊಡ್ಡಿಯಲ್ಲಿ. ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸಗಣಿ ಬಾಚಿ ತಿಪ್ಪೆಗೆ ಹಾಕುತ್ತಿದ್ದ ಆ ಮಹಾತ್ಮರನ್ನೇ "ಏ ಅಜ್ಜಾ, ಸ್ವಾಮಿಗಳು ಎಲ್ಲಿ ಅದಾರ?" ಎಂದು ಕೇಳಿ, ಆಮೇಲೆ ಅವರ ಕಾಲಿಗೆ ಬಿದ್ದವರು ಬೇಕಾದಷ್ಟು ಜನ. ಬೇರೆ ಮಠಗಳಲ್ಲಿ ಭಕ್ತರಿಗೆ ವಿಭೂತಿ ಸಿಕ್ಕರೆ ಇಲ್ಲಿ ಮುಂಗಾರಿಗೆ ಮುಂಚೆ ಮನೆಗೆರಡು ಬುಟ್ಟಿ ಗೊಬ್ಬರ ಸಿಗುತ್ತಿತ್ತು. ಸುತ್ತಲಿನ ಮೂರು ಹಳ್ಳಿಯವರು ಅದನ್ನು ಪ್ರಸಾದವೆಂದೇ ತಲೆಯ ಮೇಲೆ ಹೊತ್ತು ಹೊಲಕ್ಕೆ ಒಯ್ಯುತ್ತಿದ್ದರು.

ಹೀಗೆ ಗೊಬ್ಬರ ಹಂಚುವ ದಿನವೇ ಹನ್ನೆರಡು ಖಾಲಿ ಬಂಡಿಗಳೊಡನೆ ಸಗರಪ್ಪ ಬಂದ.

ಸಗರಪ್ಪ ಸಿರಿಗಲ್ಲಿನ ದೇಸಾಯರ ಮದ್ದಿನ ಮನೆಯ ಯಜಮಾನ. ತೋಪಿನ ಮದ್ದಿಗೆ ಪೆಟ್ಲುಪ್ಪು ಬೇಕು. ಪೆಟ್ಲುಪ್ಪು ಸಿಗುವುದು ಹಳೆಯ ಮಣ್ಣಿನ ಗೋಡೆಗಳಲ್ಲಿ, ದನಗಳ ಗಂಜಲ ಇಂಗಿದ ನೆಲದಲ್ಲಿ. ಯಾವ ಮಣ್ಣಿನಲ್ಲಿ ಅದು ಎಷ್ಟಿದೆ ಎಂದು ತಿಳಿಯಲು ಸಂಸ್ಥಾನಕ್ಕೆ ಬೇರೆ ಸಾಧನ ಬೇಕಿರಲಿಲ್ಲ, ಸಗರಪ್ಪನ ನಾಲಿಗೆ ಸಾಕಿತ್ತು. ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಥೂ ಎಂದು ಉಗುಳಿ ಅವನು ಹೇಳಿದನೆಂದರೆ ಮುಗಿಯಿತು. ಇಪ್ಪತ್ತೆರಡು ವರ್ಷ ಆ ನಾಲಿಗೆ ಒಮ್ಮೆಯೂ ತಪ್ಪಿರಲಿಲ್ಲ. ಅದನ್ನು ಚುರುಕಾಗಿ ಇಟ್ಟುಕೊಳ್ಳಲು ಅವನು ಖಾರ ಬಿಟ್ಟಿದ್ದ, ಎಲೆ ಅಡಿಕೆ ಬಿಟ್ಟಿದ್ದ. ಬರಬರುತ್ತ ಊಟದ ರುಚಿಯೇ ಹೊರಟುಹೋಗಿತ್ತು. ಹೋಳಿಗೆ ಬಡಿಸಿದರೂ ನುಚ್ಚು ಬಡಿಸಿದರೂ ತಲೆ ಬಗ್ಗಿಸಿ ಉಂಡು ಏಳುತ್ತಿದ್ದ. "ಚಲೋ ಐತಿ ಅನ್ನದಿದ್ರ ಬ್ಯಾಡ, ಒಂದು ದಿನ ಬೈದಾದ್ರೂ ಬೈರಿ" ಎಂದು ಹೆಂಡತಿ ದುರಗವ್ವ ಗೋಗರೆದರೂ ಅವನು ಬಾಯಿ ಬಿಡುತ್ತಿರಲಿಲ್ಲ.

ದೇಸಾಯರು ಕೆಟ್ಟವರಲ್ಲ, ಹಟಮಾರಿ. ನದಿಯಾಚೆಯ ಮುಳ್ಳಗಟ್ಟಿಯವರ ಜೊತೆ ನಡುಗಡ್ಡೆಯ ಹುಲ್ಲಿಗಾಗಿ ಶುರುವಾದ ಜಗಳ ಒಂಬತ್ತು ವರ್ಷ ಬೆಳೆದಿತ್ತು. ವಿಜಯದಶಮಿಗೆ ಸೀಮೋಲ್ಲಂಘನವೆಂದು ದಂಡು ಹೊಳೆ ದಾಟುವುದು, ತೋಪು ಹಾರಿಸುವುದು, ಒಂದಿಷ್ಟು ಜನರನ್ನು ಅಲ್ಲೇ ಬಿಟ್ಟು ಬರುವುದು ವರ್ಷವರ್ಷದ ಪದ್ಧತಿಯಾಗಿತ್ತು. ಹಿಂದೆ ಓಲೆ ಹೊತ್ತು ಆಚೆಗೆ ಹೋಗಿಬರುತ್ತಿದ್ದ ರಾಯಭಾರಿ ಮನೆಯಲ್ಲಿ ಕೂತು ಮೊಮ್ಮಕ್ಕಳನ್ನು ಆಡಿಸುತ್ತಿದ್ದ. ಮದ್ದಿನ ಮನೆಗೆ ಮಾತ್ರ ಮೂರು ಅಂಕಣ ಹೊಸದಾಗಿ ಸೇರಿದ್ದವು. ಅದರ ಹಸಿವಿಗೆ ಹಳ್ಳಿಹಳ್ಳಿಯ ಗೋಡೆ ಕೆರೆದು, ಕೊಟ್ಟಿಗೆ ಅಗೆದು, ತಿಪ್ಪೆಗಳನ್ನೂ ಬಳಿದು ಆಗಿತ್ತು. ಗೊಬ್ಬರ ಕಾಣದ ಹೊಲಗಳಲ್ಲಿ ಜೋಳ ಮೊಣಕಾಲುದ್ದ ಬೆಳೆದು ಸುಮ್ಮನಾಗುತ್ತಿತ್ತು. ಇನ್ನು ಉಳಿದಿದ್ದು ಮಠದ ದೊಡ್ಡಿ, ನಲವತ್ತು ವರ್ಷ ಯಾರೂ ಮುಟ್ಟದ ನೆಲ.

ಬಂಡಿಗಳನ್ನು ಕಂಡು ಬುಟ್ಟಿ ಹಿಡಿದು ನಿಂತಿದ್ದ ಜನರ ಮುಖ ಇಳಿಯಿತು. ಗೊಬ್ಬರ ಜರಡಿ ಹಿಡಿಯುತ್ತಿದ್ದ ಒಬ್ಬ ಮಾತ್ರ ನಗುತ್ತ ಎದ್ದು ಬಂದ. ಅವನಿಗೆ ಎಡಗೈ ಇರಲಿಲ್ಲ.

"ನಮಸ್ಕಾರ್ರೀ ಯಜಮಾನ್ರ. ನಾ ದಾವಲಸಾಬ, ತೋಪಿನ ಮ್ಯಾಲಿದ್ದವ. ನಿಮ್ಮ ಮದ್ದು ಭಾಳ ಚಲೋ ಇತ್ರಿ. ತೋಪೇ ತಾಳಲಾರದ ಸಿಡೀತು ನೋಡ್ರಿ!"

ಸಗರಪ್ಪ ಆ ತೋಳಿನ ಕಡೆ ನೋಡದೆ ಬಂಡಿಗಳತ್ತ ತಿರುಗಿದ. ಅಷ್ಟರಲ್ಲಿ ಒಬ್ಬ ಮುದುಕಿ ಮುಂದೆ ಬಂದಳು.

"ನನ್ನ ಎರಡೂ ಮಕ್ಕಳನ್ನ ದಂಡಿಗೆ ಒಯ್ದ್ರಿ, ಒಬ್ಬವ ಬಂದ. ಮನಿ ಗ್ವಾಡಿ ಕೆರಕೊಂಡು ಒಯ್ದ್ರಿ, ಗಾಳಿ ಒಳಗ ಬಂತು. ಈ ಎರಡು ಬುಟ್ಟಿ ಗೊಬ್ಬರಾನೂ ನಿಮಗ ಬೇಕಾತೇನ್ರಿ?"

"ಧಣಿಯ ಅಪ್ಪಣೆ ಐತವ್ವಾ. ನನ್ನ ಕೈಯಾಗ ಏನೈತಿ?" ಎಂದ ಸಗರಪ್ಪ. ಅವನು ಕಟುಕನಲ್ಲ. ಮನಸ್ಸು ಚುರ್ ಎಂದಿತು. ಆದರೆ ಇಪ್ಪತ್ತೆರಡು ವರ್ಷ ಎಲ್ಲ ಊರಿನಲ್ಲೂ ಹೇಳಿದ ಮಾತು ಅದೇ ಆದ್ದರಿಂದ ತಾನೇ ತಾನಾಗಿ ಬಾಯಿಗೆ ಬಂತು.

ಪೂಜ್ಯರು ಬುಟ್ಟಿ ಕೆಳಗಿಟ್ಟು ಹತ್ತಿರ ಬಂದರು. ಅವರ ಮುಖದಲ್ಲಿ ಕೋಪದ ಸುಳಿವೂ ಇರಲಿಲ್ಲ.

"ಒಯ್ಯೂದಾದ್ರ ಒಯ್ಯಿ ತಮ್ಮಾ. ಮೊದಲ ರುಚಿ ನೋಡು" ಎಂದು ಅಪ್ಪಣೆ ಕೊಡಿಸಿದರು.

ಸಗರಪ್ಪ ಬಾಯಿ ಮುಕ್ಕಳಿಸಿ, ಪೂರ್ವಕ್ಕೆ ಮುಖ ಮಾಡಿ, ದೊಡ್ಡಿಯ ಮೂಲೆಯಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟ. ಕಣ್ಣು ಮುಚ್ಚಿದ. ತಣ್ಣನೆಯ ಉಪ್ಪು ನಾಲಿಗೆಯ ತುದಿಯಿಂದ ಬುಡದವರೆಗೆ ಜುಮ್ ಎಂದು ಓಡಿತು. ಇಂಥ ಮಣ್ಣನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಥೂ ಎಂದು ಉಗುಳಿ, ಸುತ್ತಲಿದ್ದವರನ್ನೆಲ್ಲ ಮರೆತು, "ಆಹಾ, ಬಂಗಾರ! ಬಂಗಾರ!" ಎಂದು ಕೂಗಿದ. ಹಿಂದೆ ಯಾರೋ ಬುಟ್ಟಿ ಕೆಳಗಿಟ್ಟ ಸದ್ದಾಯಿತು.

ಪೂಜ್ಯರು ತಿಪ್ಪೆಯ ಬದಿಗೆ ಹೋದರು. ಅಲ್ಲಿ ಹಬ್ಬಿದ್ದ ಬಳ್ಳಿಯಿಂದ ಒಂದು ಎಳೆಯ ಸೌತೆಕಾಯಿ ಕಿತ್ತು, ಕಾವಿಯ ಅಂಚಿನಿಂದ ಒರೆಸಿ, ಎರಡಾಗಿ ಮುರಿದು ಅರ್ಧವನ್ನು ಅವನ ಕೈಗಿತ್ತರು.

"ಇದೂ ಅದೇ ಮಣ್ಣು. ಇದನ್ನೂ ನೋಡು."

ಪರೀಕ್ಷೆ ಎಂದರೆ ಸಗರಪ್ಪ ಹಿಂಜರಿಯುವವನಲ್ಲ. ಮತ್ತೆ ಬಾಯಿ ಮುಕ್ಕಳಿಸಿದ, ಮತ್ತೆ ಪೂರ್ವಕ್ಕೆ ತಿರುಗಿದ, ಶಾಸ್ತ್ರೋಕ್ತವಾಗಿ ಕಣ್ಣು ಮುಚ್ಚಿ ಕಚ್ಚಿದ. ಕಟುಮ್ ಎಂದಿತು. ಬಾಯಿ ತುಂಬ ತಂಪು ನೀರಾಯಿತು. ಆ ನೀರಿನ ಹಿಂದೆ ಸಣ್ಣಗೆ ಸಿಹಿ, ಸಿಹಿಯ ಹಿಂದೆ ಹಸಿರು ವಾಸನೆ, ಅದರ ಹಿಂದೆ ತನ್ನ ಅವ್ವ ಹೊಲದ ಬದುವಿನಲ್ಲಿ ಕೂತು ಉಪ್ಪು ಹಚ್ಚಿ ಕೊಡುತ್ತಿದ್ದ ಹೋಳು. ಅವನು ಅಗಿದ. ಇನ್ನೊಂದು ಸಲ ಅಗಿದ. ಎಲ್ಲರೂ ನೋಡುತ್ತಿದ್ದರು. ಅವನು ನುಂಗಿಬಿಟ್ಟ.

ಪೂಜ್ಯರು ಮೆಲ್ಲಗೆ ಕೇಳಿದರು: "ಯಾಕ ತಮ್ಮಾ, ಇದನ್ನ ಉಗುಳಲಿಲ್ಲ?"

ಸಗರಪ್ಪ ಕೈಯಲ್ಲಿದ್ದ ಸೌತೆಕಾಯಿಯನ್ನು ನೋಡಿದ. ಇಪ್ಪತ್ತೆರಡು ವರ್ಷ ತಾನು ರುಚಿ ನೋಡಿದ್ದನ್ನೆಲ್ಲ ಉಗುಳಿದ್ದ. ಊರೂರಿನ ಬೆಳೆಯನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತ ಬಂದೆನಲ್ಲ ಎಂದು ಆಗ ಹೊಳೆಯಿತು. ಅಲ್ಲೇ ಸಗಣಿಯ ನೆಲದ ಮೇಲೆ ಕುಸಿದು ಕೂತ. ಕೈ ಮಾತ್ರ ಉಳಿದ ಸೌತೆಕಾಯಿಯನ್ನು ಬಿಡಲಿಲ್ಲ. ಅಳುತ್ತ ಅಳುತ್ತ ಅದನ್ನೂ ತಿಂದು ಮುಗಿಸಿದ. ಅದನ್ನು ನೋಡಿ ದಾವಲಸಾಬ ನಕ್ಕ, ಮುದುಕಿ ನಕ್ಕಳು. ಕೊನೆಗೆ ಸಗರಪ್ಪನಿಗೂ ಮೂಗು ಒರೆಸಿಕೊಳ್ಳುತ್ತ ನಗು ಬಂತು.

"ಯಜ್ಜಾ, ಧಣಿಗೆ ಏನಂತ ಹೇಳ್ಲಿ? ಈ ನಾಲಿಗಿ ಸುಳ್ಳು ಹೇಳಿದ್ದಿಲ್ಲ."

"ಸುಳ್ಳು ಯಾಕ? ನಾಲಿಗಿ ಹೇಳಿದ್ದನ್ನ ಹೇಳು" ಎಂದು ಪೂಜ್ಯರು ತಮ್ಮ ಬುಟ್ಟಿ ಎತ್ತಿಕೊಂಡರು.

ಹನ್ನೆರಡು ಬಂಡಿಗಳು ಬಂದ ಹಾಗೆಯೇ ಖಾಲಿ ತಿರುಗಿದವು. ಅಂದು ಮೂರು ಹಳ್ಳಿಗೂ ಗೊಬ್ಬರ ಹೋಯಿತು. ಸಗರಪ್ಪ ರುಮಾಲಿನ ತುದಿಯಲ್ಲಿ ಎರಡು ಸೌತೆಕಾಯಿ ಕಟ್ಟಿಕೊಂಡು ದರ್ಬಾರಿಗೆ ನಡೆದ. ತಲೆ ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ ಅವನಿಗೆ ಇದ್ದೇ ಇತ್ತು.

"ಏನಪಾ, ಆ ಮಣ್ಣಿನಾಗ ಏನೈತಿ?" ದೇಸಾಯರು ಕೇಳಿದರು.

"ಧಣೀ, ಆ ಮಣ್ಣಿನಾಗ ಸೌತಿಕಾಯಿ ಐತ್ರಿ."

ದರ್ಬಾರು ಗೊಳ್ಳೆಂದು ನಕ್ಕಿತು. ದೇಸಾಯರು ನಗಲಿಲ್ಲ. ಸಗರಪ್ಪ ಕೈಮುಗಿದು ಮುಂದುವರಿಸಿದ. "ಪೆಟ್ಲುಪ್ಪೂ ಐತ್ರಿ, ಬೇಕಾದಷ್ಟು ಐತಿ. ಆದ್ರ ಧಣೀ, ನಮ್ಮ ಹೊಲದ ಸತ್ವ ಎಲ್ಲಾ ಮದ್ದಾಗಿ ಹೊಗಿ ಆತು. ಈಗ ನಮ್ಮ ದಂಡಿಗೆ ಜೋಳ ಎಲ್ಲಿಂದ ಬರತೈತಿ, ಉಗ್ರಾಣದವರನ್ನ ಕೇಳ್ರಿ."

ಉಗ್ರಾಣದವನು ತಲೆ ಕೆರೆದುಕೊಂಡ. ಎರಡು ವರ್ಷದಿಂದ ಮುಳ್ಳಗಟ್ಟಿಯ ವರ್ತಕರಿಂದಲೇ ಗುಟ್ಟಾಗಿ ತರಿಸುತ್ತಿದ್ದೇವೆ ಎಂದು ಕಡೆಗೆ ಬಾಯಿಬಿಟ್ಟ.

"ಅಂದ್ರ," ದೇಸಾಯರು ನಿಧಾನವಾಗಿ ಕೇಳಿದರು, "ಅವರ ಜೋಳ ಉಂಡು ಅವರ ಮ್ಯಾಲೆ ತೋಪು ಹಾರಸಾಕ ಹೊಂಟೀವೇನು?"

ಸಗರಪ್ಪ ರುಮಾಲು ಬಿಚ್ಚಿ ಒಂದು ಸೌತೆಕಾಯಿ ಮುಂದಿಟ್ಟ. ಮಠದ್ದೆಂದು ದೇಸಾಯರು ಕಣ್ಣಿಗೊತ್ತಿಕೊಂಡು ಕಚ್ಚಿದರು. ಪೂರ್ತಿ ತಿಂದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇನ್ನೊಂದು ಐತಲ್ಲ, ಕೊಡು."

ಆ ವಿಜಯದಶಮಿಗೆ ಹೊಳೆ ದಾಟಿದ್ದು ದಂಡಲ್ಲ, ಮೊಮ್ಮಕ್ಕಳನ್ನು ಆಡಿಸುತ್ತಿದ್ದ ಮುದಿ ರಾಯಭಾರಿ. ಅವನ ಜೊತೆ ಒಂದು ಬುಟ್ಟಿ ಸೌತೆಕಾಯಿ ಇತ್ತು. ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದು ಹೇಳಿದರೆ ಪೂಜ್ಯರೇ ಮೆಚ್ಚಲಾರರು. ನಡುಗಡ್ಡೆಯ ಹುಲ್ಲಿಗಾಗಿ ಎರಡೂ ಕಡೆಯವರು ಇನ್ನೆರಡು ವರ್ಷ ಗಂಟಲು ಹರಿಯುವಂತೆ ಜಗಳವಾಡಿದರು. ಆದರೆ ಗಂಟಲಿನಿಂದಲೇ ಆಡಿದರು, ತೋಪಿನಿಂದಲ್ಲ.

ಸಗರಪ್ಪ ಮದ್ದಿನ ಮನೆಯ ಬೀಗದ ಕೈ ಒಪ್ಪಿಸಿ, ದುರಗವ್ವನನ್ನು ಕರೆದುಕೊಂಡು ಬೇವಿನಗುಡ್ಡಕ್ಕೆ ಬಂದು ನಿಂತ. ದಾವಲಸಾಬ ಜರಡಿ ಹಿಡಿದರೆ ಇವನು ಬುಟ್ಟಿ ಹೊರುತ್ತಿದ್ದ. ನಾಲಿಗೆಯ ಕೆಲಸವೂ ನಿಲ್ಲಲಿಲ್ಲ. ರೈತರು ಹೊಲದ ಮಣ್ಣು ಹಿಡಿದು ಬರುವರು. ಇವನು ಚಿಟಿಕೆ ಬಾಯಿಗಿಟ್ಟು, ಉಗುಳಿ, "ಇದಕ್ಕ ಬದನಿ ಹಾಕು, ಇದಕ್ಕ ಒಂದು ವರ್ಷ ವಿಶ್ರಾಂತಿ ಕೊಡು" ಎನ್ನುವನು.

ಮಠಕ್ಕೆ ಬಂದು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ದುರಗವ್ವ ಎಂದಿನಂತೆ ಬಡಿಸಿ ಎದುರು ಕೂತಿದ್ದಳು. ಸಗರಪ್ಪ ಒಂದು ತುತ್ತು ಬಾಯಿಗಿಟ್ಟು ತಡೆದ. ಕಣ್ಣು ಮುಚ್ಚಿದ. ನುಂಗಿ ಹೇಳಿದ:

"ಸಾರಿಗೆ ಉಪ್ಪು ತುಸು ಕಮ್ಮಿ ಆಗೇತಿ ನೋಡು."

ದುರಗವ್ವ ಸೌಟನ್ನು ಅಲ್ಲೇ ಬಿಟ್ಟು ದೊಡ್ಡಿಗೆ ಓಡಿದಳು. ಸಗಣಿ ಬಾಚುತ್ತಿದ್ದ ಪೂಜ್ಯರ ಪಾದಕ್ಕೆ ಬಿದ್ದು, "ಯಜ್ಜಾ, ಇಪ್ಪತ್ತೆರಡು ವರ್ಷದ ಮ್ಯಾಲೆ ನಮ್ಮವ್ರು ಉಪ್ಪು ಕಮ್ಮಿ ಅಂತ ನನ್ನ ಅಡಿಗಿಗೆ ಹೆಸರಿಟ್ರು ನೋಡ್ರೀ!" ಎಂದು ಆನಂದದಿಂದ ಅತ್ತುಬಿಟ್ಟಳು.

ಪೂಜ್ಯರು ಆಕೆಯನ್ನು ಎಬ್ಬಿಸಿ, ನಗುತ್ತ ಬಳ್ಳಿಯ ಕಡೆ ಕೈ ತೋರಿದರು.

"ಹಂಗಾದ್ರ ಎರಡು ಸೌತಿಕಾಯಿ ಹರಕೊಂಡು ಹೋಗವ್ವಾ. ಉಪ್ಪು ಹಚ್ಚಿ ಕೊಡು."