ಎರಡನೆಯ ಹತ್ತು

ತನ್ನ ಕೆಲಸ ಮುಗಿದ ಮೇಲೆ ಪಕ್ಕದ ಸ್ಕ್ರೀನನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ, ಆಮೇಲೆಯೇ ತನ್ನ ಕಂಪ್ಯೂಟರನ್ನು ಆರಿಸುವುದು ಸುಪ್ರಭಾಳ ಅಭ್ಯಾಸ. ಪಕ್ಕದಲ್ಲಿ ಕೂರುತ್ತಿದ್ದವಳು ವನಮಾಲಾ. ಇಬ್ಬರೂ ಕೊಟ್ರೇಶ್ ಮೇಷ್ಟ್ರ ಬಳಿ ವೆಬ್‌ಸೈಟ್ ಕಟ್ಟುವುದನ್ನು ಕಲಿಯುತ್ತಿದ್ದರು.

ಒಂದು ಸಂಜೆ ವನಮಾಲಾ ಹೊರಟುಹೋದ ಮೇಲೆ ಸುಪ್ರಭಾ ಮೇಷ್ಟ್ರ ಮುಂದೆ ಬಂದು ನಿಂತು ಕೇಳಿದಳು: "ಸರ್, ಅವಳೂ ಹತ್ತು ಹೆಸರಿಗೊಂದು ಪುಟ ಮಾಡಿದಳು. ನಾನೂ ಹತ್ತಕ್ಕೊಂದು ಮಾಡಿದೆ. ಅವಳದನ್ನು ಇಟ್ಟುಕೊಂಡರು. ನನ್ನದನ್ನು ವಾಪಸ್ ಕಳಿಸಿದರು. ಯಾಕೆ?"

ಕೆಲಸ ರಕ್ತದಾನಿಗಳ ಸಂಘವೊಂದರದು. ಅವರ ವೆಬ್‌ಸೈಟಿನಲ್ಲಿ ದಾನಿಗಳ ಹೆಸರೆಲ್ಲ ಒಂದೇ ಪುಟದಲ್ಲಿ ಉದ್ದಕ್ಕೆ ಇದ್ದವು. ಪುಟ ತೆರೆದುಕೊಳ್ಳುವುದನ್ನು ಕಾದು ಕಾದು ರೋಗಿಯ ಕಡೆಯವರು ಕಂಗಾಲಾಗುತ್ತಿದ್ದರು. ಪಟ್ಟಿಯನ್ನು ಪುಟಪುಟವಾಗಿ ಒಡೆದುಕೊಡಿ ಎಂದು ಸಂಘದವರು ಕೇಳಿದರು. ಇಬ್ಬರು ಹುಡುಗಿಯರೂ ಬೇರೆ ಬೇರೆಯಾಗಿ ಮಾಡುವುದು, ಎರಡನ್ನೂ ಬಳಸಿ ನೋಡಿ ಒಂದನ್ನು ಇಟ್ಟುಕೊಳ್ಳುವುದು ಎಂದು ಮಾತಾಗಿತ್ತು.

ಸುಪ್ರಭಾಳ ಪಟ್ಟಿ ಒಂದೇ ದಿನ ನಡೆಯಿತು. ಸಂಘದವರು ಪುಟ ತಿರುಗಿಸುತ್ತಾ ಒಬ್ಬೊಬ್ಬರಿಗೇ ಫೋನು ಮಾಡಿದಾಗ ಕೆಲವರಿಗೆ ಎರಡೆರಡು ಸಲ ಹೋಯಿತು. "ಆಗಲೇ ಹೂಂ ಅಂದೆನಲ್ರೀ! ನನ್ನ ಮೈಯಲ್ಲಿರೋದು ಒಬ್ಬನ ರಕ್ತಾನೇ," ಎಂದು ಒಬ್ಬರು ರೇಗಿದರಂತೆ. ಅದೇ ಹೊತ್ತಿಗೆ ಹೊಸದಾಗಿ ಹೆಸರು ಕೊಟ್ಟವರಿಗೆ ಫೋನೇ ಹೋಗಲಿಲ್ಲ.

"ಅವಳದರಲ್ಲಿ ಹೊಸಬರು ಹೋಗಿ ಕೊನೆಯ ಪುಟದಲ್ಲಿ ಕೂರುತ್ತಾರೆ ಸರ್," ಎಂದಳು ಸುಪ್ರಭಾ. "ನಂದರಲ್ಲಿ ಬಂದ ತಕ್ಷಣ ಮೊದಲ ಪುಟದಲ್ಲಿ, ಎಲ್ಲರಿಗಿಂತ ಮೇಲೆ. ಅವಳಿಗಿಂತ ಒಂದು ಕೈ ಹೆಚ್ಚಿರಲಿ ಅಂತಲೇ ಹಾಗೆ ಮಾಡಿದೆ. ಆದರೂ ಭೇಷ್ ಅನ್ನಿಸಿಕೊಂಡವಳು ಅವಳು."

ಮೇಷ್ಟ್ರು ಕುರ್ಚಿ ತೋರಿಸಿ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಗಿರಾಕಿ ಬಂದರೆ ಅಂಗಡಿಯಲ್ಲಿದ್ದ ಸೀರೆಗಳನ್ನೆಲ್ಲ ತಂದು ಮುಂದೆ ಸುರಿಯುತ್ತಿದ್ದ. ಬಂದವರು ನೋಡಿ ನೋಡಿ ಸುಸ್ತಾಗಿ, ಯಾವುದನ್ನೂ ಕೊಳ್ಳದೆ ಎದ್ದು ಹೋಗುತ್ತಿದ್ದರು. ಎದುರು ಅಂಗಡಿಯವನು ಹಾಗಲ್ಲ. ಒಂದು ಸಲಕ್ಕೆ ಹತ್ತು ಸೀರೆ ತೆಗೆಯುವನು. ಒಪ್ಪಿಗೆಯಾಗದಿದ್ದರೆ ಮಡಿಸಿಟ್ಟು ಮುಂದಿನ ಹತ್ತು ತೆಗೆಯುವನು. ಅವನ ಅಂಗಡಿಯ ಮುಂದೆ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ.

ಆ ಚಪ್ಪಲಿಗಳನ್ನು ನೋಡಿದರೆ ಮೊದಲನೆಯವನಿಗೆ ಹೊಟ್ಟೆ ಉರಿಯುತ್ತಿತ್ತು. ಬಾಗಿಲಲ್ಲಿ ಕೂತು ಎದುರಿನವನ ಕೈಯನ್ನೇ ನೋಡಿದ. ಹತ್ತರ ಲೆಕ್ಕ ತಿಳಿಯಿತು. ತಾನೂ ಸೀರೆಗಳನ್ನು ಒಂದರ ಮೇಲೊಂದು ಪೇರಿಸಿದ. ಮೇಲಿನ ಹತ್ತನ್ನು ತೆಗೆದು ತೋರಿಸುವನು. ಮಡಿಸಿ ಇದ್ದ ಕಡೆಯೇ ಇಡುವನು. ಆಮೇಲೆ ಮೇಲಿನಿಂದ ಹತ್ತು ಎಣಿಸಿ, ಅವನ್ನು ಬಿಟ್ಟು, ಅದರ ಕೆಳಗಿನ ಹತ್ತನ್ನು ತೆಗೆಯುವನು. ಗಿರಾಕಿಗಳು ಕೂರತೊಡಗಿದರು.

ಅಷ್ಟಕ್ಕೇ ಅವನಿಗೆ ಸಮಾಧಾನವಾಗಲಿಲ್ಲ. ಕಣ್ಣು ಎದುರು ಅಂಗಡಿಯನ್ನು ಬಿಟ್ಟು ಬರಲಿಲ್ಲ. ಅಲ್ಲಿ ಗಿಳಿಹಸಿರು ಸೀರೆ ಮಾರಿಹೋದರೆ ಇವನು ಒಳಗಿನಿಂದ ಗಿಳಿಹಸಿರು ತಂದು ತನ್ನ ರಾಶಿಯ ತುದಿಯಲ್ಲಿಡುವನು. ಅಲ್ಲಿ ದೊಡ್ಡಂಚಿನದು ಹೋದರೆ ದೊಡ್ಡಂಚಿನದು ತಂದಿಡುವನು.

ಒಬ್ಬ ತಾಯಿ ಮಗಳ ಧಾರೆ ಸೀರೆಗೆಂದು ಅವಳನ್ನೂ ಕರೆದುಕೊಂಡು ಅವನ ಅಂಗಡಿಗೆ ಬಂದಳು. ಮೊದಲ ಹತ್ತು ಒಪ್ಪಿಗೆಯಾಗಲಿಲ್ಲ. ಅವರು ಅವನ್ನು ನೋಡುತ್ತಿದ್ದಾಗಲೇ ವ್ಯಾಪಾರಿ ಎದುರು ಅಂಗಡಿಯ ಕಡೆ ನೋಡಿ ನೋಡಿ ರಾಶಿಯ ಮೇಲೆ ನಾಲ್ಕು ಹೊಸ ಸೀರೆ ಪೇರಿಸಿದ್ದ. ನೋಡಿದವನ್ನು ಮಡಿಸಿ ಆ ನಾಲ್ಕರ ಕೆಳಗೆ ಇಟ್ಟ. ಎಂದಿನಂತೆ ಮೇಲಿನಿಂದ ಹತ್ತು ಎಣಿಸಿ ಬಿಟ್ಟ. ಕೆಳಗಿನ ಹತ್ತು ತೆಗೆದ.

"ಅಣ್ಣಾ, ಇದರಲ್ಲಿ ನಾಲ್ಕು ಈಗ ತಾನೇ ನೋಡಿದ್ವಲ್ಲ?"

"ಇಲ್ಲಮ್ಮ, ಇವು ಬೇರೆ."

"ಹೆಂಗೆ ಬೇರೆ? ಆಗಿನ ಸೆರಗಿನ ನವಿಲಿಗೂ ಒಂದು ಕಾಲಿರಲಿಲ್ಲ, ಈ ಸೆರಗಿನ ನವಿಲಿಗೂ ಇಲ್ಲ. ಕುಂಟು ನವಿಲು ಎಷ್ಟು ಸಾಕಿದ್ದೀಯ?"

ಮಗಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಅಷ್ಟರಲ್ಲಿ ರಾಶಿಯ ತುದಿಗೆ ಇನ್ನೂ ಕೆಲವು ಹೊಸವು ಏರಿದ್ದರಿಂದ ಮೂರನೆಯ ಸಲವೂ ನೋಡಿದ ಸೀರೆಗಳೇ ಕೆಲವು ಬಂದವು. ಈಗ ಮಗಳು ನಗಲಿಲ್ಲ. "ಇವರ ಹತ್ರ ಇರೋದೇ ಇಷ್ಟು, ನಡಿ," ಎಂದು ತಾಯಿ ಎದ್ದಳು. ಇಬ್ಬರೂ ರಸ್ತೆ ದಾಟಿ ಎದುರು ಅಂಗಡಿಗೆ ಹೋಗಿ ಒಂದು ಗಿಳಿಹಸಿರು ಸೀರೆ ಕೊಂಡರು. ಅಂಥದೇ ಸೀರೆ ಇವನ ರಾಶಿಯ ತುದಿಯಲ್ಲಿತ್ತು. ಅದನ್ನು ಅವರು ನೋಡಿರಲೇ ಇಲ್ಲ.

ವ್ಯಾಪಾರಿ ತಡೆಯಲಾರದೆ ತಾನೂ ರಸ್ತೆ ದಾಟಿದ. "ನೀನೂ ಹತ್ತು ತೆಗೀತೀಯ, ನಾನೂ ಹತ್ತು ತೆಗೀತೀನಿ. ಏನು ಮಾಟ ಮಾಡ್ಸಿದೀಯಪ್ಪ?"

"ನಾನು ಮೇಲಿನಿಂದ ಎಣಿಸೋದೇ ಇಲ್ಲ ಸಾಹುಕಾರ್ರೆ," ಎಂದ ಎದುರು ಅಂಗಡಿಯವನು. "ಬಂದೋರು ಕೊನೇಲಿ ನೋಡಿದ ಸೀರೆ ಯಾವುದು ಅಂತ ನೆನಪಿಟ್ಕೊಳ್ತೀನಿ. ಅದರ ಕೆಳಗಿಂದು ತೆಗೀತೀನಿ. ಹೊಸ ಮಾಲು ಬಂದ್ರೆ ರಾಶಿಯ ಅಡಿಗೆ ಹಾಕ್ತೀನಿ. ನೋಡ್ತಾ ಕೂತೋರು ಅಲ್ಲಿಗೂ ಬಂದೇ ಬರ್ತಾರೆ."

ಕತೆ ಅಲ್ಲಿಗೆ ನಿಂತಿತು.

ಸುಪ್ರಭಾಳ ಮುಖ ಅರಳಿತು. "ಗೊತ್ತಾಯ್ತು ಸರ್! ಎಷ್ಟು ಹೆಸರು ದಾಟಿತು ಅಂತ ಮೇಲಿನಿಂದ ಎಣಿಸಬಾರದು. ಕೊನೆಗೆ ತೋರಿಸಿದ ಹೆಸರು ಯಾವುದೋ, ಅದರ ಮುಂದಿನವರನ್ನು ತರಬೇಕು. ಹೊಸಬರು ಕೊನೆಗೆ. ಈಗಲೇ ಕೂತು ತಿದ್ದುತ್ತೀನಿ."

ಮೇಷ್ಟ್ರು ತಲೆಯಾಡಿಸಿದರು. ಅವಳು ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿದಳು.

"ತಿದ್ದಿದ ಮೇಲೆ ಅವಳದಕ್ಕಿಂತ ನಂದೇ ಚೆನ್ನಾಗಿರುತ್ತೆ, ಅಲ್ವಾ ಸರ್? ಅವಳ ಪುಟ ಮೊಬೈಲಿನಲ್ಲಿ ಎಡಗಡೆಗೆ ಒಂಚೂರು ವಾಲುತ್ತೆ. ಅಕ್ಷರವೂ ನಂದಕ್ಕಿಂತ ಸಣ್ಣದು. ಪುಟದ ಸಂಖ್ಯೆ ಹಾಕೋದನ್ನ ಮೊದಲು ಮರೆತಿದ್ದಳು, ನಂದು ನೋಡಿ ಹಾಕಿದಳು. ಎಲ್ಲ ನೋಡಿದ್ದೀನಿ ಸರ್."

"ಅವಳದನ್ನೆಲ್ಲ ನೋಡಿದ್ದೀಯ. ಆ ದಿನ ಫೋನು ಹೋಗದೆ ಉಳಿದವರಲ್ಲಿ ಒಬ್ಬರ ಹೆಸರು ಹೇಳಮ್ಮ," ಎಂದು ಮೇಷ್ಟ್ರು ಕೇಳಿ, ಕಾದರು.